ಮೊದಲು ಮೋರಿ, ಆಮೇಲೆ ಮುಂಭಾಗ

ಆರೋಗ್ಯ ಶಿಕ್ಷಣಕ್ಕೆಂದೇ ಹೊಸ ಕ್ಯಾಂಪಸ್ ಕಟ್ಟುತ್ತೇವೆ ಅಂತ ವಿಶ್ವವಿದ್ಯಾಲಯದವರು ಹೇಳಿದ ಕೂಡಲೇ ಹೊರಬರುವುದು ಗಾಜಿನ ಮುಂಭಾಗದ ಬಣ್ಣದ ಚಿತ್ರ. ನೋಡಬೇಕಾದ್ದು ಮೋರಿಯ ನಕ್ಷೆ. ಮೆಡಿಕಲ್, ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ ಎಲ್ಲ ಒಂದೇ ಕಡೆ ಬರುವಾಗ ಪೈಪು, ಗೋಡೆಯ ದಪ್ಪ, ಗಾಳಿ ಹೋಗುವ ದಾರಿ ಪಾಯ ತೆಗೆಯುವ ಮುಂಚೆಯೇ ತೀರ್ಮಾನವಾಗಿರಬೇಕು.

ದಾನವಾಗಿ ಬಂದ ದೇಹಗಳನ್ನು ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್ ತಗೊಳ್ಳಿ. ಎಕ್ಸಾಸ್ಟ್ ಫ್ಯಾನನ್ನು ಸೀಲಿಂಗಿಗೆ ಕೂರಿಸಿದರೆ ಮೇಜಿನಿಂದ ಏಳುವ, ದೇಹ ಕೆಡದಂತೆ ಬಳಸುವ ಫಾರ್ಮಾಲಿನ್ ದ್ರವದ ಆವಿ ಬಗ್ಗಿ ನಿಂತ ವಿದ್ಯಾರ್ಥಿಯ ಮೂಗನ್ನು ಸವರಿಕೊಂಡೇ ಮೇಲೆ ಹೋಗುತ್ತದೆ. ಹೊಸ ಗಾಳಿ ಮೇಲಿಂದ ಬಂದು, ಕೆಟ್ಟ ಗಾಳಿ ಮೇಜಿನ ಅಂಚಿನಿಂದ ಅಥವಾ ಗೋಡೆಯ ಬುಡದಿಂದ ಹೊರಹೋಗಬೇಕು. ಕಣ್ಣುರಿಯ ಮಾತಷ್ಟೇ ಅಲ್ಲ, ಅದರಲ್ಲಿರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಅನ್ನುವುದು ಸಾಬೀತಾಗಿದೆ.

ಇನ್ನು ಫಾರ್ಮಾಲಿನ್ ಬೆರೆತ ಅಲ್ಲಿನ ತೊಳೆದ ನೀರು. ಅದನ್ನು ನೇರ ಎಸ್‌ಟಿಪಿಗೆ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿಗೆ, ಬಿಟ್ಟರೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ವಾರದೊಳಗೆ ಹಾಸ್ಟೆಲ್ ಹಿಂಭಾಗದಲ್ಲಿ ಗಬ್ಬು, ಬೈಗುಳ ಮಾತ್ರ ಪ್ಲಾಂಟ್ ಆಪರೇಟರಿಗೆ. ಆ ನೀರಿಗೆ ಬೇರೆ ತೊಟ್ಟಿಯೇ ಬೇಕು. ದಸರಾ ರಜೆ ಮುಗಿಸಿ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ವಾಸನೆಗೆ ಕಾರಣ ಇನ್ನೊಂದು: ನೆಲದ ಟ್ರಾಪಿನಲ್ಲಿ, ಅಂದರೆ ನೀರು ಹೋಗುವ ಬಾಯಿಯ ಕೆಳಗಿನ ಬಾಗಿದ ಪೈಪಿನಲ್ಲಿ, ನಿಲ್ಲುವ ಎರಡಿಂಚು ನೀರು ಒಣಗಿ, ಚರಂಡಿ ಗಾಳಿ ಒಳಗೆ ಬಂದಿರುತ್ತದೆ. ವಾರಕ್ಕೊಮ್ಮೆ ಒಂದು ಬಕೆಟ್ ನೀರು ಸುರಿದರೆ ಸಾಕು. ಯಾರು ಸುರಿಯಬೇಕು ಅನ್ನುವುದು ಮಾತ್ರ ಬರೆದಿಟ್ಟಿರಬೇಕು.

ಹಾಲ್ ಮೊದಲ ಮಹಡಿಯಲ್ಲಿ, ಲಿಫ್ಟ್ ಎಂಟು ಜನರದ್ದು ಅಂತಿಟ್ಟುಕೊಳ್ಳಿ. ಅದರ ಒಳಗಿನ ಉದ್ದ 1.5 ಮೀಟರ್ ಕೂಡ ಇರುವುದಿಲ್ಲ. ದಾನವಾಗಿ ಬಂದ ದೇಹವನ್ನು ಮೆಟ್ಟಿಲ ಮೇಲೆ ಹೊತ್ತುಕೊಂಡು ಹೋಗಬೇಕಾಗುತ್ತದೆ. ಹಾಗಾದರೆ ನೆಲಮಾಳಿಗೆಗೆ ಇಳಿಸೋಣವೆಂದರೆ, ಮಂಡ್ಯದ ಕಡೆ ನಾಲೆ ಬಯಲಿನ ಜಾಗದಲ್ಲಿ ಗದ್ದೆಗೆ ನೀರು ಬಿಟ್ಟ ತಿಂಗಳು ಗೋಡೆ ಒಸರುತ್ತದೆ. ನೆಲಮಹಡಿ, ಹಿಂಬದಿಗೆ ವಾಹನ ಬರುವ ಬಾಗಿಲು: ಇಷ್ಟೇ ಬೇಕಾದದ್ದು.

ರೇಡಿಯಾಲಜಿ ಕೋರ್ಸಿಗೆ ಎಕ್ಸ್‌ರೇ ಕೋಣೆ ಬೇಕು. ಎದೆಯ ಎಕ್ಸ್‌ರೇಗೆ ರೋಗಿ ಆನಿಕೊಂಡು ನಿಲ್ಲುವ ಚೆಸ್ಟ್ ಸ್ಟ್ಯಾಂಡ್ ಇರುವ ಗೋಡೆಗೆ 35 ಸೆಂಟಿಮೀಟರ್ ಇಟ್ಟಿಗೆ, ಮಿಕ್ಕವಕ್ಕೆ 23 ಸೆಂಟಿಮೀಟರ್, ಅಂದರೆ ಒಂಬತ್ತಿಂಚು, ಬೇಕೆನ್ನುತ್ತದೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಇಡೀ ಕಟ್ಟಡಕ್ಕೆ ಹಗುರ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್ ಬ್ಲಾಕ್) ತರಿಸಿದ ಕಂಟ್ರಾಕ್ಟರು ಇಲ್ಲೂ ಅದನ್ನೇ ಏರಿಸುತ್ತಾರೆ. ದಪ್ಪ ಸರಿಯಾಗಿಯೇ ಇರುತ್ತದೆ, ಆದರೆ ಕಿರಣ ತಡೆಯಬೇಕಾದ ಸಾಂದ್ರತೆ ಇಟ್ಟಿಗೆಯ ಅರ್ಧವೂ ಇಲ್ಲ. ಆಮೇಲೆ ಸೀಸದ ಹಾಳೆ ಹೊಡೆಸುವುದು ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಶ್ರವಣ ಪರೀಕ್ಷೆಯ ಕೋಣೆಯ ಪಕ್ಕ ಜನರೇಟರ್ ಇಡಬೇಡಿ. 1965ರಿಂದ ವಾಕ್ ಶ್ರವಣ ಸಂಸ್ಥೆ ಇರುವ ಮೈಸೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರೋಗಿಯ ಬದಲು ಬೊಂಬೆಯ ಮೇಲೆ ಅಭ್ಯಾಸ ಮಾಡುವ ಸಿಮ್ಯುಲೇಷನ್ ಲ್ಯಾಬಿಗೆ ದುಬಾರಿ ಬೊಂಬೆ ಬರುತ್ತದೆ, ಪಕ್ಕದಲ್ಲಿ ಕೂತು ಮಾತಾಡಲು ಕೋಣೆ ಇರುವುದಿಲ್ಲ. ಹೃದಯ ನಿಂತವರ ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ ಅಂತ ಬೊಂಬೆಯೇ ಅಳೆದು ತೋರಿಸುತ್ತದೆ. ಯಾರು ಯಾರ ಮಾತು ಕೇಳಿಸಿಕೊಳ್ಳಲಿಲ್ಲ ಅನ್ನುವುದು ಗೊತ್ತಾಗುವುದು ಆಮೇಲಿನ ಮಾತುಕತೆಯಲ್ಲಿ. ಹತ್ತು ನಿಮಿಷದ ಅಭ್ಯಾಸಕ್ಕೆ ಇಪ್ಪತ್ತು ನಿಮಿಷದ ಚರ್ಚೆ ಬೇಕು. ನರ್ಸಿಂಗ್ ಹುಡುಗಿ ಎದೆ ಒತ್ತುತ್ತಾ, ಎಂಬಿಬಿಎಸ್ ಹುಡುಗ ಔಷಧಿಯ ಪ್ರಮಾಣ ಹೇಳುತ್ತಾ ಒಟ್ಟಿಗೆ ಕಲಿಯಲಿ ಅಂತಲೇ ಅಲ್ಲವೇ ಒಂದೇ ಕ್ಯಾಂಪಸ್? ಆದರೆ ಟೈಮ್‌ಟೇಬಲ್ ಕಾಲೇಜಿಗೊಂದು. ಎಲ್ಲರಿಗೂ ವಾರದಲ್ಲಿ ಒಂದು ಮಧ್ಯಾಹ್ನವಾದರೂ ಒಟ್ಟಿಗೆ ಬಿಡುವಿಲ್ಲದಿದ್ದರೆ ಒಂದೇ ಕಾಂಪೌಂಡಿನೊಳಗಿದ್ದೂ ಅವರು ಸಿಗುವುದು ಕ್ಯಾಂಟೀನಿನಲ್ಲಿ ಮಾತ್ರ.

ಕೊನೆಗೆ ಆಸ್ಪತ್ರೆಯ ದೂರ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಅಲ್ಲಿಂದ ಕೆ.ಆರ್. ಆಸ್ಪತ್ರೆಯ ವಾರ್ಡಿಗೆ ನಡೆದೇ ಹೋಗಬಹುದು. ರಿಂಗ್ ರಸ್ತೆಯಾಚೆ ಕ್ಯಾಂಪಸ್ ಕಟ್ಟುವವರು ಬಸ್ಸಿನ ಹೊತ್ತನ್ನು ಕಾಲೇಜಿನ ಗಂಟೆ ನೋಡಿ ಇಡುತ್ತಾರೆ. ರಾತ್ರಿ ಪಾಳಿಯ ಸಿಸ್ಟರ್ ಬೆಳಗಿನವರಿಗೆ ಒಂದೊಂದು ಹಾಸಿಗೆಯ ಕಥೆ ಒಪ್ಪಿಸುವ ಆ ಅರ್ಧ ಗಂಟೆಯಲ್ಲಿ ಸಿಗುವ ಪಾಠ ಯಾವ ಕ್ಲಾಸಿನಲ್ಲೂ ಸಿಗುವುದಿಲ್ಲ. ಅದು ಶುರುವಾಗುವ ಹದಿನೈದು ನಿಮಿಷ ಮುಂಚೆ ಬಸ್ಸು ಆಸ್ಪತ್ರೆ ಗೇಟಿನಲ್ಲಿರಬೇಕು, ಹಾಸ್ಟೆಲ್ ಮೆಸ್ಸಿನ ತಿಂಡಿಯೂ ಆ ಲೆಕ್ಕಕ್ಕೇ ರೆಡಿಯಾಗಬೇಕು.