ಸಂಸ್ಕೃತಿಯ ಮೇಲೆ ಹೊರಿಸುವ ಮುನ್ನ

ಒಂದು ಕಂಪನಿ ಮೂರು ದೇಶಗಳ ತನ್ನ ಶಾಖೆಗಳಿಗೆ ಒಂದೇ ಪ್ರಶ್ನಾವಳಿ ಕಳಿಸುತ್ತದೆ. ‘ಇಲ್ಲಿ ನೌಕರರ ಮೌಲ್ಯಮಾಪನ ನ್ಯಾಯವಾಗಿ ನಡೆಯುತ್ತದೆ’ ಎಂಬ ವಾಕ್ಯಕ್ಕೆ 5ರಲ್ಲಿ ಭಾರತದಿಂದ 4.2, ಜರ್ಮನಿಯಿಂದ 3.3, ಜಪಾನಿನಿಂದ 2.9 ಬಂತು ಎನ್ನಿ. ವರದಿ ಬರೆಯಲು ತಡವೇ ಆಗುವುದಿಲ್ಲ: ಭಾರತೀಯರು ಮೇಲಿನವರಿಗೆ ತಲೆಬಾಗುವವರು, ಜರ್ಮನ್ನರು ಪ್ರಶ್ನಿಸುವವರು, ಜಪಾನೀಯರು ಒಳಗೇ ನುಂಗಿಕೊಳ್ಳುವವರು. ಈ ಅವಸರ ನನಗೆ ಒಪ್ಪಿಗೆಯಿಲ್ಲ. ನಾಡಿನಾಚೆ ದುಡಿಯುವ ನಮ್ಮಂಥವರ ಬಡ್ತಿ, ತರಬೇತಿ, ವರ್ಗಾವಣೆಗಳನ್ನು ಇಂಥ ವರದಿಗಳು ತೀರ್ಮಾನಿಸಬಲ್ಲವು. ಬೇರೆಲ್ಲ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೂ ವ್ಯತ್ಯಾಸ ಉಳಿದರೆ ಆಗ ಸಂಸ್ಕೃತಿಯ ಮಾತು ಬರಲಿ.

ಮೊದಲು ಕಾನೂನು, ರೂಢಿಗಳನ್ನು ನೋಡಬೇಕು. ಜರ್ಮನಿಯಲ್ಲಿ ಐದು ಮಂದಿ ಕಾಯಂ ನೌಕರರಿರುವ ಕೆಲಸದ ಜಾಗದಲ್ಲೂ ನೌಕರರು ತಮ್ಮ ಮಂಡಳಿಯನ್ನು ಚುನಾಯಿಸಬಹುದು. ಅಂಥ ಮಂಡಳಿ ಇದ್ದಲ್ಲಿ, 1972ರ ಕಾಯ್ದೆಯಂತೆ ಮೌಲ್ಯಮಾಪನದ ಸಾಮಾನ್ಯ ಮಾನದಂಡಗಳಿಗೆ ಅದರ ಒಪ್ಪಿಗೆ ಬೇಕು. ‘ಮಾನದಂಡಗಳನ್ನು ನಾನೇ ನಿರ್ಧರಿಸುತ್ತೇನೆ’ ಎಂಬುದಕ್ಕೆ ಅಲ್ಲಿನ ಮ್ಯಾನೇಜರ್ 5ರಲ್ಲಿ 1 ಅಂಕ ಹಾಕಿದರೆ ಅದರಲ್ಲಿ ಅವರ ಮನೋಭಾವವನ್ನು ಹುಡುಕುವುದು ತಪ್ಪು. ಅವರು ಕಾಯ್ದೆಯನ್ನು ಹೇಳುತ್ತಿದ್ದಾರೆ. ಜಪಾನಿನ ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ಏಪ್ರಿಲ್‌ನಲ್ಲಿ ಒಟ್ಟಿಗೆ ಸೇರಿಸಿಕೊಳ್ಳುತ್ತ ಬಂದಿವೆ, ಅದೂ ನಿರ್ದಿಷ್ಟ ಹುದ್ದೆಗಲ್ಲ, ಕಂಪನಿಗೆ. ‘ಸೇರುವಾಗ ನಿಮ್ಮ ಹುದ್ದೆಯ ಹೊಣೆ ಸ್ಪಷ್ಟವಾಗಿತ್ತೇ’ ಎಂದು ಅವರನ್ನು ಕೇಳಿದರೆ ಸಿಗುವ ಅಂಕಕ್ಕೆ ಅರ್ಥವೇ ಇರುವುದಿಲ್ಲ. ಆದ್ದರಿಂದ ಪ್ರಶ್ನೆ ಬರೆಯುವ ಮುಂಚೆ ಪ್ರತಿ ದೇಶಕ್ಕೂ ಒಂದು ಪುಟ ಬರೆದಿಟ್ಟುಕೊಳ್ಳಿ: ನೇಮಕ, ವಜಾ, ಸಂಬಳ, ಕೆಲಸದ ಅವಧಿ, ಮೌಲ್ಯಮಾಪನ, ಇವುಗಳಲ್ಲಿ ಕಾನೂನೋ ಕಾರ್ಮಿಕ ಒಪ್ಪಂದವೋ ಕಟ್ಟಿಹಾಕಿದ್ದು ಯಾವುದು, ಕಂಪನಿಯ ಕೈಯಲ್ಲಿರುವುದು ಯಾವುದು. ಕಂಪನಿಗೆ ಆಯ್ಕೆ ಇರುವ ಕಡೆ ಮಾತ್ರ ಹೋಲಿಕೆಗೆ ಬೆಲೆ.

ಇನ್ನು ಅನುವಾದ. ಹೆಚ್ಚಿನ ಅಧ್ಯಯನಗಳು ಹಳ್ಳ ಹಿಡಿಯುವುದು ಇಲ್ಲೇ. ‘ಎಂಪವರ್‌ಮೆಂಟ್’ ಅನ್ನು ಕನ್ನಡಕ್ಕೆ ‘ಸಬಲೀಕರಣ’ ಎಂದು ತಂದರೆ ನಿಘಂಟು ಮೆಚ್ಚುತ್ತದೆ. ಆದರೆ ಓದುವವರ ಮನಸ್ಸಿಗೆ ಬರುವುದು ಸರ್ಕಾರಿ ಯೋಜನೆ, ಮಹಿಳಾ ಸಬಲೀಕರಣ. ‘ನಿಮ್ಮ ಕೆಲಸದ ತೀರ್ಮಾನಗಳನ್ನು ಯಾರನ್ನೂ ಕೇಳದೆ ನೀವೇ ತೆಗೆದುಕೊಳ್ಳಬಹುದೇ’ ಎಂದು ಬಿಡಿಸಿ ಕೇಳುವುದೇ ಮೇಲು. ಮನೋವಿಜ್ಞಾನಿ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಮರು-ಅನುವಾದದ (ಅನುವಾದವನ್ನು ತಿರುಗಿ ಮೂಲಭಾಷೆಗೆ ತಂದು ಹೋಲಿಸುವ) ಪದ್ಧತಿಯನ್ನು ಇಂದಿಗೂ ಹಲವರು ಬಳಸುತ್ತಾರೆ, ಆದರೆ ಈ ದೋಷ ಅದರ ಕಣ್ಣಿಗೆ ಬೀಳುವುದಿಲ್ಲ. ‘ಸಬಲೀಕರಣ’ವನ್ನು ತಿರುಗಿ ಇಂಗ್ಲಿಷಿಗೆ ತಂದಾಗ ‘ಎಂಪವರ್‌ಮೆಂಟ್’ ಎಂದೇ ಬರುತ್ತದೆ, ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ಯುರೋಪಿನ ಹಲವು ದೇಶಗಳಲ್ಲಿ ಜನರ ಅಭಿಪ್ರಾಯ ಕೇಳುವ ಯುರೋಪಿಯನ್ ಸೋಷಿಯಲ್ ಸರ್ವೆಯ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಅಲ್ಲಿ ಇಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ, ವಿಷಯ ಬಲ್ಲವರೊಂದಿಗೆ ಕೂತು ಸಾಲುಸಾಲಾಗಿ ಚರ್ಚಿಸುತ್ತಾರೆ, ಒಬ್ಬರು ಅಂತಿಮ ತೀರ್ಪು ಕೊಡುತ್ತಾರೆ, ಆಮೇಲೆ ಪ್ರಯೋಗ ಮಾಡಿ ನೋಡುತ್ತಾರೆ, ಪ್ರತಿ ನಿರ್ಧಾರಕ್ಕೂ ಕಾರಣ ಬರೆದಿಡುತ್ತಾರೆ. ಇದರ ಜೊತೆಗೆ ಒಂದೊಂದು ಭಾಷೆಯಲ್ಲೂ ಎಂಟು-ಹತ್ತು ಮಂದಿಯನ್ನು ಕೂರಿಸಿಕೊಂಡು ‘ಈ ಪ್ರಶ್ನೆ ನಿಮ್ಮನ್ನು ಏನು ಕೇಳುತ್ತಿದೆ, ನಿಮ್ಮ ಮಾತಿನಲ್ಲಿ ಹೇಳಿ’ ಅನ್ನಬೇಕು.

ಉತ್ತರ ಕೊಡುವ ರೀತಿಯೂ ಎಲ್ಲ ಕಡೆ ಒಂದೇ ಅಲ್ಲ. ಕೆಲವರು ಎಲ್ಲಕ್ಕೂ ‘ಹೌದು’ ಅನ್ನುತ್ತಾರೆ, ಕೆಲವರು ನಡುವಿನ 3ನ್ನು ಬಿಟ್ಟು ಕದಲುವುದಿಲ್ಲ. ಇದಕ್ಕೆ ಮದ್ದೆಂದು ತಿರುವು ವಾಕ್ಯಗಳನ್ನು, ಅಂದರೆ ಅದೇ ಮಾತನ್ನು ಉಲ್ಟಾ ಹೇಳುವ ವಾಕ್ಯಗಳನ್ನು, ಸೇರಿಸುತ್ತಾರೆ. ಕನ್ನಡದಲ್ಲಿ ಅದು ‘ನನ್ನ ಮೇಲಧಿಕಾರಿ ನನ್ನ ಅಭಿಪ್ರಾಯ ಕೇಳುವುದಿಲ್ಲ’ ಎಂಬುದಕ್ಕೆ ‘ಒಪ್ಪುವುದಿಲ್ಲ’ ಎಂದು ಗುರುತು ಹಾಕುವ ಕಸರತ್ತಾಗುತ್ತದೆ. ಎರಡು ‘ಇಲ್ಲ’ಗಳ ನಡುವೆ ಓದುಗ ದಾರಿ ತಪ್ಪುತ್ತಾನೆ. ಅದಕ್ಕಿಂತ, ಕಾಲ್ಪನಿಕ ನೌಕರನೊಬ್ಬನ ಪರಿಸ್ಥಿತಿಯನ್ನು ನಾಲ್ಕು ಸಾಲಿನಲ್ಲಿ ಕೊಟ್ಟು, ಎಲ್ಲ ದೇಶದವರಿಂದಲೂ ಅದಕ್ಕೆ ಅಂಕ ಹಾಕಿಸಿ. ಯಾರ ಅಳತೆಗೋಲು ಎಷ್ಟು ಬಿಗಿ ಎಂಬುದು ಅಲ್ಲೇ ಕಾಣುತ್ತದೆ.

ದೊಡ್ಡ ಅಧ್ಯಯನಗಳನ್ನೇ ಅಕ್ಕಪಕ್ಕ ಇಟ್ಟು ನೋಡಿ. ದೇಶಗಳ ಸಂಸ್ಕೃತಿಯನ್ನು ಅಂಕಿಗಳಲ್ಲಿ ಅಳೆದ ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೀಡ್ ಬಳಸಿದ್ದು ಐಬಿಎಂ ನೌಕರರು 1967ರಿಂದ 1973ರವರೆಗೆ ತುಂಬಿದ ಸುಮಾರು 1,16,000 ಪ್ರಶ್ನಾವಳಿಗಳನ್ನು. ಒಂದೇ ಕಂಪನಿಯಾದ್ದರಿಂದ ಉದ್ಯಮದ ವ್ಯತ್ಯಾಸ ತಪ್ಪಿತು, ಆದರೆ ಆ ನೌಕರರೇ ದೇಶ ಎಂದಾಯಿತು. ಸಂಸ್ಕೃತಿ, ನಾಯಕತ್ವಗಳನ್ನು ಹೋಲಿಸುವ ಗ್ಲೋಬ್ ಯೋಜನೆ 62 ಸಮಾಜಗಳ ಸುಮಾರು 17,000 ಮಧ್ಯಮ ಹಂತದ ಮ್ಯಾನೇಜರ್‌ಗಳನ್ನು ‘ಹೇಗಿದೆ’, ‘ಹೇಗಿರಬೇಕು’ ಎಂದು ಎರಡು ಬಗೆಯಲ್ಲಿ ಕೇಳಿತು. ಅದು ಅಳೆದ ಸಂಸ್ಕೃತಿಯ ಒಂಬತ್ತು ಆಯಾಮಗಳ ಪೈಕಿ ಏಳರಲ್ಲಿ ಎರಡೂ ಉತ್ತರಗಳು ವಿರುದ್ಧ ದಿಕ್ಕಿಗೆ ಹೋದವು. 1989ರಲ್ಲಿ ಐದು ದೇಶಗಳಿಂದ ಶುರುವಾದ ಕ್ರಾನೆಟ್ ಎಂಬ, ನೌಕರ ನಿರ್ವಹಣೆಯ ಪದ್ಧತಿಗಳ ಸಮೀಕ್ಷೆ ಹೆಚ್ಚಾಗಿ ವಾಸ್ತವವನ್ನು ಕೇಳುತ್ತದೆ: ಎಷ್ಟು ಶೇಕಡಾ ನೌಕರರಿಗೆ ಔಪಚಾರಿಕ ಮೌಲ್ಯಮಾಪನವಿದೆ, ನೇಮಕದ ನೀತಿಯ ಹೊಣೆ ಯಾರದು. ಇಲ್ಲಿ ‘ಹೌದು’ ಅನ್ನುವ ಚಾಳಿಗೆ ಜಾಗ ಕಡಿಮೆ. ಆದರೆ ಉತ್ತರಿಸುವವರು ಎಚ್‌ಆರ್ (ಮಾನವ ಸಂಪನ್ಮೂಲ) ಮುಖ್ಯಸ್ಥರು, ಆದ್ದರಿಂದ ಸಿಗುವುದು ಕಾಗದದ ಮೇಲಿನ ಪದ್ಧತಿ. ಹೊಸದಾಗಿ ಅಧ್ಯಯನ ಶುರುಮಾಡುವವರು ಪದ್ಧತಿ ಇದೆಯೇ ಎಂದು ಎಚ್‌ಆರ್‌ನವರನ್ನೂ, ಅದು ತಮ್ಮವರೆಗೆ ಬಂದಿದೆಯೇ ಎಂದು ನೌಕರರನ್ನೂ ಕೇಳಲಿ.

ಅಂಕಿಗಳು ಬಂದ ಮೇಲೆ ಸರಾಸರಿಗೆ ಕೈಹಾಕುವ ಮುನ್ನ ಅಳತೆ ಎಲ್ಲೆಡೆ ಒಂದೇ ಆಗಿದೆಯೇ ಎಂದು ಮೂರು ಹಂತದಲ್ಲಿ ಪರೀಕ್ಷಿಸಬೇಕು: ಪ್ರಶ್ನೆಗಳು ಒಂದೇ ಬಗೆಯಲ್ಲಿ ಗುಂಪುಗೂಡುತ್ತವೆಯೇ, ಪ್ರತಿ ಪ್ರಶ್ನೆಯ ತೂಕ ಒಂದೇ ಇದೆಯೇ, ಕೊನೆಗೆ ಆರಂಭದ ಮಟ್ಟ, ಅಂದರೆ ಅಭಿಪ್ರಾಯ ಒಂದೇ ಇದ್ದಾಗ ಬೀಳುವ ಅಂಕವೂ ಒಂದೇ ಇದೆಯೇ. ಒಂದು ಹಂತದಿಂದ ಮುಂದಿನದಕ್ಕೆ ಹೋದಾಗ ಮಾದರಿ ಅಂಕಿಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಸಿಎಫ್‌ಐ ಸೂಚ್ಯಂಕ 0.01ಕ್ಕಿಂತ ಹೆಚ್ಚು ಕುಸಿದರೆ ಅಲ್ಲೇ ನಿಲ್ಲಿ. ತೂಕ ಸಮವಾಗಿದ್ದರೆ ‘ತರಬೇತಿ ಹೆಚ್ಚಿದಂತೆ ಕೆಲಸ ಬಿಡುವ ಯೋಚನೆ ತಗ್ಗುತ್ತದೆಯೇ’ ಎಂಬಂಥ ಸಂಬಂಧಗಳನ್ನು ಹೋಲಿಸಬಹುದು. ಮೂರನೆಯ ಹಂತ ದಾಟದೆ 4.2ನ್ನು 3.3ರ ಪಕ್ಕದಲ್ಲಿ ಇಡಲಾಗದು. ಎರಡೇ ದೇಶಗಳಿದ್ದರಂತೂ ಸಂಸ್ಕೃತಿಯ ಪ್ರಭಾವ ಎಂದು ಬರೆಯಲೇಬೇಡಿ, ಯಾವ ಎರಡು ದೇಶಗಳೂ ಒಂದೇ ಸಂಗತಿಯಲ್ಲಿ ಮಾತ್ರ ಭಿನ್ನವಾಗಿರುವುದಿಲ್ಲ. ದೇಶದ ಅಂಕವನ್ನು ಒಬ್ಬ ವ್ಯಕ್ತಿಯ ಹಣೆಗೆ ಅಂಟಿಸುವುದೂ ಅಷ್ಟೇ ತಪ್ಪು.

ಪ್ರಶ್ನಾವಳಿಯ ಕೊಂಡಿಯನ್ನು (ಲಿಂಕ್) ಎಚ್‌ಆರ್ ವಿಭಾಗದ ಮೂಲಕ ಕಳಿಸಬೇಡಿ; ಉತ್ತರ ಬಾಸ್ ಓದುತ್ತಾರೆಂದೇ ಜನ ಬರೆಯುತ್ತಾರೆ. ಐದಕ್ಕಿಂತ ಕಡಿಮೆ ಮಂದಿಯಿರುವ ಗುಂಪಿನ ಅಂಕ ಬೇರೆಯಾಗಿ ಪ್ರಕಟವಾಗಬಾರದು. ಆಯಾ ದೇಶದ ಸಂಶೋಧಕರು ಪ್ರಶ್ನಾವಳಿಯ ಮೊದಲ ಕರಡಿನಿಂದಲೇ ಜೊತೆಗಿರಬೇಕು, ಸಹ-ಲೇಖಕರಾಗಿ. ಉತ್ತರಗಳೆಲ್ಲ ಬಂದ ಮೇಲೆ ಅವರನ್ನು ಕರೆದರೆ, ಯಾವ ಪ್ರಶ್ನೆ ತಮ್ಮಲ್ಲಿ ಅರ್ಥಹೀನ ಎಂದು ಅವರು ತೋರಿಸಬಲ್ಲರೇ ಹೊರತು ಅದನ್ನು ತಿದ್ದಲಾರರು.