ಮಷಿನ್ ರೇಟಿಗೆ ಕೈ ಕಸೂತಿ ಕೇಳಬೇಡಿ

ಧಾರವಾಡದ ಮನೆಯಿಂದಲೇ ಇನ್‌ಸ್ಟಾಗ್ರಾಂನಲ್ಲಿ ಕಸೂತಿ ಸೀರೆ ಮಾರುತ್ತೇನೆ. ಫೋಟೋ ಕೆಳಗೇ ಬೆಲೆ ಬರೆದಿರುತ್ತೇನೆ. ಆದರೂ ದಿನಾ ಮೆಸೇಜ್: 'ರೇಟ್ ಎಷ್ಟ್ರೀ ಅಕ್ಕಾರ?' ಅದು ಹೋಗಲಿ, ಹೇಳುತ್ತೇನೆ. ಸಿಟ್ಟು ಬರುವುದು ಆಮೇಲಿನ ಮಾತಿಗೆ. 'ಇದೇ ಡಿಸೈನ್ ಬ್ಯಾರೆ ಕಡೆ ಅರ್ಧಕ್ಕ ಸಿಗ್ತದಲ್ರೀ!'

ಸಿಗುತ್ತದೆ, ಮಷಿನ್ನಿನದು. ನಮ್ಮದು ಇಳಕಲ್ ಸೀರೆಯ ಎಳೆ ಎಣಿಸಿ ಹಾಕಿದ್ದು. ಗೆರೆ ಎಳೆದುಕೊಳ್ಳುವ ಹಾಗಿಲ್ಲ, ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಒಂದೇ ಎಳೆ ತಪ್ಪಿದರೂ ಗೋಪುರದ ಚಿತ್ತಾರ ಸೊಟ್ಟಗಾಗುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಸೆರಗು ತಿರುಗಿಸಿ ನೋಡಿ, ಗವಂತಿ ಅನ್ನುವ ಈ ಕಸೂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮಷಿನ್ನಿನದಕ್ಕೆ ಹಿಂದೆಲ್ಲ ಬರೀ ದಾರದ ಗೋಜಲು.

ಮೊನ್ನೆ ಒಬ್ಬರು ಕ್ಯಾಶ್ ಆನ್ ಡೆಲಿವರಿ ಹಾಕಿ, ಪಾರ್ಸಲ್ ಬಾಗಿಲಿಗೆ ಹೋದಾಗ ಬೇಡ ಅಂದರು. ಕೊರಿಯರ್ ದುಡ್ಡು ಎರಡೂ ಕಡೆಯದು ನನ್ನ ತಲೆಗೇ ಬಂತು. ಸೀರೆಯ ಒಂದು ಮಡಿಕೆಯನ್ನೂ ಬಿಚ್ಚಿ ನೋಡಿರಲಿಲ್ಲ ಅವರು.