ಹಳೇ ಶೇಲ್ ಬಾವಿಗೆ ಗ್ಯಾಸ್ ತುಂಬುವ ವಿಚಾರ

ಅಮೆರಿಕದ ಶೇಲ್ ಎಣ್ಣೆ, ಅಂದರೆ ಬಿಗಿಯಾದ ಪದರುಗಲ್ಲಿನಲ್ಲಿ ಸಿಕ್ಕಿಕೊಂಡ ಎಣ್ಣೆಯ ಮಾತು ಬಂದರೆ ಸಾಕು, ಬರೀ ಹೊಸ ಬಾವಿಗಳದ್ದೇ ಸುದ್ದಿ. ಎಷ್ಟು ರಿಗ್ ಓಡ್ತಿವೆ, ದಿನಕ್ಕೆ ಎಷ್ಟು ಬ್ಯಾರೆಲ್, ಟೆಕ್ಸಸ್, ನ್ಯೂ ಮೆಕ್ಸಿಕೊದ ಪರ್ಮಿಯನ್ ಎಣ್ಣೆ ಪ್ರದೇಶದಲ್ಲಿ ಯಾವ ಕಂಪನಿ ಯಾವುದನ್ನು ಕೊಂಡುಕೊಂಡಿತು. ಈಗಾಗಲೇ ಕೊರೆದ ಬಾವಿಗಳ ಸುತ್ತ ಎಷ್ಟು ಎಣ್ಣೆ ಉಳಿದುಹೋಗಿದೆ ಅನ್ನೋ ಲೆಕ್ಕ ಮಾತ್ರ ಅಷ್ಟಾಗಿ ಯಾರ ಬಾಯಲ್ಲೂ ಬರಲ್ಲ. ಶೇಲ್ ಬಂಡೆಯಲ್ಲಿರುವ 100 ಬ್ಯಾರೆಲ್‌ನಲ್ಲಿ ಮೇಲಕ್ಕೆ ಬರೋದು ಸಾಮಾನ್ಯವಾಗಿ 5ರಿಂದ 10. ಮಿಕ್ಕಿದ್ದೆಲ್ಲ ಅಲ್ಲೇ. ಸಾವಿರಾರು ಅಡಿ ಆಳಕ್ಕಿಳಿದು, ಮತ್ತೆ ಒಂದೆರಡು ಮೈಲಿ ಅಡ್ಡಡ್ಡ ಕೊರೆದು, ನೀರು ಮರಳು ನುಗ್ಗಿಸಿ ಬಂಡೆ ಸೀಳಿದ್ದು ಇಷ್ಟಕ್ಕೆ!

ಯಾಕೆ ಹೀಗೆ ಅಂದರೆ, ಬಂಡೆ ಅಷ್ಟು ಬಿಗಿ. ಮಾಮೂಲಿ ಮರಳುಗಲ್ಲಿನಲ್ಲಿ ಎಣ್ಣೆ ಹರಿಯುವ ಸರಾಗತೆಯನ್ನು ಮಿಲಿಡಾರ್ಸಿಯಲ್ಲಿ ಅಳೆದರೆ ಶೇಲ್‌ನದ್ದನ್ನು ನ್ಯಾನೊಡಾರ್ಸಿಯಲ್ಲಿ ಅಳೀಬೇಕು, ಅಂದರೆ ಹತ್ತು ಲಕ್ಷ ಪಟ್ಟು ಚಿಕ್ಕ ಅಳತೆ. ಸೀಳಿನ ಪಕ್ಕದಲ್ಲಿದ್ದ ಎಣ್ಣೆ ಮೊದಲ ತಿಂಗಳುಗಳಲ್ಲಿ ನುಗ್ಗಿ ಬರುತ್ತೆ. ಆಮೇಲೆ ಒತ್ತಡ ಕುಸಿದು, ಎಣ್ಣೆಯೊಳಗೆ ಕರಗಿದ್ದ ಗ್ಯಾಸ್ ಬೇರ್ಪಟ್ಟು ತಾನು ಮುಂದೆ ಓಡಿಬಿಡುತ್ತೆ. ಮುಚ್ಚಳ ತೆಗೆದಿಟ್ಟ ಸೋಡಾ ಬಾಟಲಿಯ ಹಾಗೆ, ತಳ್ಳುವ ಶಕ್ತಿ ಹೋಯಿತು, ದ್ರವ ಅಲ್ಲೇ ಉಳಿಯಿತು. ವರ್ಷ ತುಂಬುವಷ್ಟರಲ್ಲಿ ಬಾವಿಯ ಇಳುವರಿ ಅರ್ಧಕ್ಕಿಂತ ಕೆಳಗೆ. ಹಳೇ ಕಾಲದ ಉಪಾಯ, ಅಂದರೆ ಒಂದು ಬಾವಿಗೆ ನೀರು ಹಾಕಿ ಪಕ್ಕದ ಬಾವಿಯತ್ತ ಎಣ್ಣೆ ತಳ್ಳೋದು, ಇಲ್ಲಿ ನಡೆಯಲ್ಲ. ನೀರು ಬಂಡೆಯೊಳಗೆ ಹೋದರೆ ತಾನೆ?

ಗ್ಯಾಸ್ ಹೋಗುತ್ತೆ, ಸಾಮಾನ್ಯವಾಗಿ ನೈಸರ್ಗಿಕ ಅನಿಲ. ಬಾವಿಯಿಂದ ಎಣ್ಣೆ ತೆಗೆಯೋದು ನಿಲ್ಲಿಸಿ, ಅದೇ ಬಾವಿಯೊಳಕ್ಕೆ ಹಲವು ಸಾವಿರ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ವಾರಗಟ್ಟಲೆ ಗ್ಯಾಸ್ ತುಂಬ್ತಾರೆ. ಆಮೇಲೆ ಬಾವಿ ಮುಚ್ಚಿ ಸ್ವಲ್ಪ ದಿನ ನೆನೆಯಲು ಬಿಡ್ತಾರೆ. ಮೇಲೆ ಏನೂ ನಡೀತಿಲ್ಲ ಅನ್ನಿಸುತ್ತೆ, ಗೇಜಿನ ಮುಳ್ಳು ಮಾತ್ರ ನಿಧಾನಕ್ಕೆ ಇಳೀತಿರುತ್ತೆ. ಆ ಇಳಿಕೆಯೇ ಕೆಲಸ. ಸೀಳಿನಲ್ಲಿದ್ದ ಗ್ಯಾಸ್ ಬಂಡೆಯೊಳಕ್ಕೆ ಇಂಗಿ ಎಣ್ಣೆಯಲ್ಲಿ ಕರಗ್ತಿದೆ ಅಂತ ಅರ್ಥ. ಕರಗಿದಷ್ಟೂ ಎಣ್ಣೆ ಉಬ್ಬುತ್ತೆ, ತೆಳುವಾಗುತ್ತೆ, ಅದರ ಹಗುರ ಅಂಶಗಳು ಆವಿಯಾಗಿ ಗ್ಯಾಸಿನ ಜೊತೆ ಸೇರಿಕೊಳ್ಳುತ್ತವೆ. ಒತ್ತಡ ಸಾಕಷ್ಟಿದ್ದರೆ ಎರಡೂ ಬೆರೆತು ಒಂದೇ ಆಗಿಬಿಡುತ್ತವೆ. ಬಾವಿ ತೆರೆದಾಗ ಗ್ಯಾಸ್ ವಾಪಸ್ ಬರ್ತಾ ಒಂದಿಷ್ಟು ಎಣ್ಣೆ ಎಳ್ಕೊಂಡು ಬರುತ್ತೆ. ಮತ್ತೆ ತುಂಬು, ಮತ್ತೆ ತೆಗಿ. ಫೀಲ್ಡಿನವರು ಇದನ್ನ ‘ಹಫ್ ಅಂಡ್ ಪಫ್’ ಅಂತಾರೆ.

ಈ ತಂತ್ರ ಹುಟ್ಟಿದ್ದೇ ಆಕಸ್ಮಿಕವಾಗಿ. 1959ರಲ್ಲಿ ವೆನೆಜುವೆಲಾದ ಮೆನೆ ಗ್ರಾಂಡೆಯಲ್ಲಿ ಶೆಲ್ ಕಂಪನಿಯವರು ದಪ್ಪ ಎಣ್ಣೆ ತಳ್ಳಲು ಹಬೆ ತುಂಬ್ತಿದ್ದರು. ನೆಲ ಬಿರಿದು ಹಬೆ ಹೊರಗೆ ಬಂತು. ಒತ್ತಡ ಇಳಿಸೋಣ ಅಂತ ಹಬೆ ತುಂಬಿದ ಬಾವಿಯನ್ನೇ ತೆರೆದರೆ ಅದರಿಂದಲೇ ಎಣ್ಣೆ ಬಂತು. ಶೇಲ್‌ನಲ್ಲಿ ಹಬೆಯ ಜಾಗಕ್ಕೆ ಗ್ಯಾಸ್ ಬಂದಿದೆ, ಅಷ್ಟೇ ವ್ಯತ್ಯಾಸ.

ಇದು ಬರೀ ಕಾಗದದ ಮೇಲಿನ ಮಾತಲ್ಲ. ದಕ್ಷಿಣ ಟೆಕ್ಸಸ್‌ನ ಈಗಲ್ ಫೋರ್ಡ್ ಶೇಲ್ ಪ್ರದೇಶದಲ್ಲಿ ಇಒಜಿ ರಿಸೋರ್ಸಸ್ ಅನ್ನೋ ಎಣ್ಣೆ ಕಂಪನಿ ಕೆಲವು ವರ್ಷ ಸದ್ದಿಲ್ಲದೆ ಪ್ರಯೋಗ ಮಾಡಿ, 2016ರಲ್ಲಿ ಬಹಿರಂಗವಾಗಿ ಹೇಳಿತು: ಮೊದಲ ಹಂತದಲ್ಲಿ ಸಿಗುವ ಎಣ್ಣೆಯ ಮೇಲೆ 30ರಿಂದ 70 ಶೇಕಡಾ ಹೆಚ್ಚುವರಿ ಸಿಗಬಹುದು ಅಂತ. ಈ ಅಂಕಿಯನ್ನು ಓದುವಾಗ ಜೋಪಾನ. ಬಂಡೆಯಲ್ಲಿರೋ ಎಣ್ಣೆಯ 70 ಶೇಕಡಾ ಅಲ್ಲ ಅದು. 100ರಲ್ಲಿ 8 ಬ್ಯಾರೆಲ್ ಬರ್ತಿದ್ದ ಕಡೆ ಹತ್ತೂವರೆಯಿಂದ ಹದಿಮೂರೂವರೆ ಬರುತ್ತೆ ಅಂತ. ಆದರೂ ಹೊಸದಾಗಿ ಕೊರೆಯದೆ, ಹೊಸದಾಗಿ ಸೀಳದೆ ಸಿಗುವ ಎಣ್ಣೆ ಅದು. ನನ್ನ ಪ್ರಕಾರ ಸಣ್ಣದೇನಲ್ಲ.

ಹಾಗಂತ ಎಲ್ಲ ಕಡೆ ಕೈಹಿಡಿದಿಲ್ಲ. ಈಗಲ್ ಫೋರ್ಡ್‌ನ ಆ ಭಾಗದಲ್ಲಿ ಮೇಲೆ ಕೆಳಗೆ ಗ್ಯಾಸ್ ಸೋರಿಹೋಗದಂತೆ ಬಿಗಿ ಪದರಗಳಿವೆ, ಎಣ್ಣೆಯೂ ಹಗುರ. ನಾರ್ತ್ ಡಕೋಟಾದ ಬಾಕನ್ ಶೇಲ್ ಪ್ರದೇಶದಲ್ಲಿ ಮೊದಮೊದಲು ಕಾರ್ಬನ್ ಡೈಆಕ್ಸೈಡ್ ತುಂಬಿ ನೋಡಿದಾಗ ಅದು ಸೀಳುಗಳಲ್ಲಿ ನುಸುಳಿ ದೂರದ ಬಾವಿಯಲ್ಲಿ ಹೋಗಿ ತಲೆಯೆತ್ತಿತು. ಅದೇ ಬಾಕನ್ ಬಂಡೆಯ ಸಣ್ಣ ತುಂಡನ್ನು ಲ್ಯಾಬಿನಲ್ಲಿ ಅದೇ ಗ್ಯಾಸಿನಲ್ಲಿ ನೆನೆಸಿದರೆ ಬಹುಪಾಲು ಎಣ್ಣೆ ಹೊರಗೆ ಬರುತ್ತೆ. ತುಂಡಿಗೆ ಸುತ್ತಲೂ ಗ್ಯಾಸ್ ತಾಗುತ್ತೆ, ನೆಲದಡಿಯ ಬಂಡೆಗೆ ಸೀಳು ಇದ್ದ ಕಡೆ ಮಾತ್ರ. ಲ್ಯಾಬಿನ ಗ್ರಾಫ್ ತೋರಿಸಿ ಹೂಡಿಕೆದಾರರನ್ನು ಕುಣಿಸುವವರು ಈ ಒಂದು ವಿಷಯ ನುಂಗಿಕೊಳ್ತಾರೆ. ಅಕ್ಕಪಕ್ಕದ ಬಾವಿಗಳಿಗೆಲ್ಲ ಒಟ್ಟಿಗೇ ಗ್ಯಾಸ್ ತುಂಬಿ ಒತ್ತಡ ಸರಿದೂಗಿಸೋದು ಒಂದು ದಾರಿ. ಆದರೆ ಅಷ್ಟೂ ಬಾವಿಗಳು ಒಂದೇ ಕಂಪನಿಯ ಕೈಯಲ್ಲಿರಬೇಕು.

ನನಗೆ ಕಾಣೋ ಹಾಗೆ ದೊಡ್ಡ ಅಡ್ಡಿ ದುಡ್ಡಿನ ಲೆಕ್ಕದಲ್ಲಿದೆ. ಹೊಸ ಬಾವಿ ಮೊದಲ ವರ್ಷವೇ ಹಣ ಸುರಿಸುತ್ತೆ, ಮುಂದಿನ ತ್ರೈಮಾಸಿಕದ ವರದಿ ಚೆಂದ ಕಾಣುತ್ತೆ. ಇಲ್ಲಿ ಮೊದಲು ದುಬಾರಿ ಕಂಪ್ರೆಸರ್ ಹಾಕಬೇಕು, ಬರ್ತಿರೋ ಚೂರುಪಾರು ಎಣ್ಣೆಯನ್ನೂ ನಿಲ್ಲಿಸಬೇಕು, ಗ್ಯಾಸ್ ತುಂಬಬೇಕು, ಫಲ ಆಮೇಲೆ. ಗ್ಯಾಸಿನ ಬೆಲೆಯೋ, ಅಮೆರಿಕದ ಗ್ಯಾಸ್ ದರಕ್ಕೆ ಅಳತೆಗೋಲಾದ ಹೆನ್ರಿ ಹಬ್ ಅನ್ನೋ ಪೈಪ್‌ಲೈನ್ ಕೂಡುದಾಣದಲ್ಲಿ 2016ರಲ್ಲಿ ಹತ್ತು ಲಕ್ಷ ಬಿಟಿಯುಗೆ (ಶಾಖದ ಅಳತೆ) ಸರಾಸರಿ ಎರಡೂವರೆ ಡಾಲರ್ ಇದ್ದದ್ದು 2022ರ ಆಗಸ್ಟ್‌ನಲ್ಲಿ 9 ಡಾಲರ್ ದಾಟಿತ್ತು. ಆಗ ಗ್ಯಾಸನ್ನು ಮಾರದೆ ನೆಲದೊಳಕ್ಕೆ ತುಂಬ್ತೀನಿ ಅಂದರೆ ಯಾವ ಫೈನಾನ್ಸ್ ಮ್ಯಾನೇಜರ್ ಒಪ್ತಾನೆ?

ಆದರೆ ಪಶ್ಚಿಮ ಟೆಕ್ಸಸ್‌ನ ವಾಹಾ ಹಬ್‌ನಲ್ಲಿ 2019ರಲ್ಲೂ 2024ರಲ್ಲೂ ಗ್ಯಾಸ್ ಬೆಲೆ ಸೊನ್ನೆಗಿಂತ ಕೆಳಗಿಳಿದಿತ್ತು. ತಗೊಂಡು ಹೋಗಿ ಅಂತ ಮಾರುವವನೇ ಕೈಯಿಂದ ದುಡ್ಡು ಕೊಡುವ ಸ್ಥಿತಿ. ಪೈಪ್‌ಲೈನ್ ಸಾಲದೆ ಎಷ್ಟೋ ಗ್ಯಾಸ್ ಬಾವಿಯ ಬಾಯಲ್ಲೇ ಉರಿದುಹೋಗುತ್ತೆ. ಒಂದು ಕಡೆ ಒತ್ತಡ ಸತ್ತ ಬಾವಿಗಳ ಸಾಲು, ಇನ್ನೊಂದು ಕಡೆ ಬೆಂಕಿಗೆ ಹೋಗುವ ಗ್ಯಾಸ್. ತುಂಬಿದ ಗ್ಯಾಸಿನ ಬಹುಪಾಲು ಮರಳಿ ಕೈಗೆ ಬರುತ್ತೆ ಬೇರೆ. ಇಂಥ ಕಡೆಯೂ ಇದನ್ನು ದೊಡ್ಡದಾಗಿ ಮಾಡದೆ ಇರೋದಕ್ಕೆ ಬಂಡೆಯನ್ನು ದೂರೋದು ನನಗೆ ಒಪ್ಪಿಗೆಯಿಲ್ಲ.

ಇನ್ನಷ್ಟು ಎಣ್ಣೆ ತೆಗೆದು ಉರಿಸೋದೇ ಬೇಡ ಅನ್ನುವವರ ವಾದ ನನಗೆ ಗೊತ್ತು, ಗೌರವವೂ ಇದೆ. ಆದರೆ ಹೇಗೂ ಕೊರೆಯೋದೇ ಆದರೆ, ಹತ್ತು ಹೊಸ ತೂತಿಗಿಂತ ಹಳೇ ತೂತೇ ವಾಸಿ.

ಹೊರಗಿನವರು ಇದನ್ನೆಲ್ಲ ಪರೀಕ್ಷಿಸಿ ನೋಡೋಣ ಅಂದರೆ ಅದೂ ಸುಲಭವಿಲ್ಲ. ಟೆಕ್ಸಸ್‌ನಲ್ಲಿ ಎಣ್ಣೆಯ ಲೆಕ್ಕ ರೈಲ್‌ರೋಡ್ ಕಮಿಷನ್‌ಗೆ (ಹೆಸರು ರೈಲಿನದ್ದಾದರೂ ಅಲ್ಲಿನ ಎಣ್ಣೆ, ಗ್ಯಾಸ್ ನಿಯಂತ್ರಕ ಸಂಸ್ಥೆ ಇದೇ) ಹೋಗೋದು ಲೀಸ್‌ವಾರು, ಅಂದರೆ ಗುತ್ತಿಗೆಗೆ ಪಡೆದ ಜಾಗದ ಲೆಕ್ಕದಲ್ಲಿ, ಬಾವಿವಾರು ಅಲ್ಲ. ಒಂದು ಲೀಸ್‌ನಲ್ಲಿ ನಾಲ್ಕಾರು ಬಾವಿಗಳಿದ್ದು, ನಡುವೆ ಒಂದು ಹೊಸದೂ ಸೇರಿಕೊಂಡರೆ, ಹೆಚ್ಚಿದ ಎಣ್ಣೆ ಗ್ಯಾಸ್ ತುಂಬಿದ್ದರಿಂದ ಬಂತೋ ಹೊಸ ಬಾವಿಯಿಂದ ಬಂತೋ ಹೇಳೋದು ಕಷ್ಟ. ಕಂಪನಿ ಹೇಳಿದ್ದೇ ಗತಿ. ಪ್ರತಿ ಬಾವಿಗೆ ತುಂಬಿದ ಗ್ಯಾಸ್ ಎಷ್ಟು, ವಾಪಸ್ ಬಂದದ್ದು ಎಷ್ಟು, ಅದರ ಜೊತೆ ಎಣ್ಣೆ ಎಷ್ಟು ಅಂತ ತಿಂಗಳು ತಿಂಗಳು ಬೇರೆಬೇರೆಯಾಗಿ ಬರೆಸಿಕೊಳ್ಳೋದಕ್ಕೆ ಕಮಿಷನ್‌ಗೆ ಏನು ಕಷ್ಟ?